ಪಿಂಕ್ ನಿಂಬೆ ಗಿಡ: ಬಿಳಿ ಜಾಸ್ತಿ, ದರ ಜಾಸ್ತಿ, ಬಾಳಿಕೆ ಕಮ್ಮಿ

ಮೊದಲೇ ಹೇಳಿಬಿಡುತ್ತೇನೆ. ಪಿಂಕ್ ಬಣ್ಣದ ಶರಬತ್ತು ಕುಡಿಯಬಹುದು ಅಂತ ಈ ಗಿಡ ತರಬೇಡಿ. ಹಣ್ಣು ಕೊಯ್ದರೆ ತೊಳೆ ತಿಳಿ ಗುಲಾಬಿ ಬಣ್ಣಕ್ಕಿರುವುದು ನಿಜ. ಹಿಂಡಿದರೆ ಬರುವ ರಸ ಮಾತ್ರ ಹೆಚ್ಚುಕಮ್ಮಿ ಮಾಮೂಲಿ ನಿಂಬೆ ರಸದ ಹಾಗೇ. ಟೊಮೆಟೊ, ಕಲ್ಲಂಗಡಿಗೆ ಕೆಂಪು ಕೊಡುವ ಲೈಕೋಪಿನ್ ಇದಕ್ಕೂ ಬಣ್ಣ ಕೊಡುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ, ತೊಳೆಯಲ್ಲೇ ಉಳಿದುಬಿಡುತ್ತದೆ. ನರ್ಸರಿಯಲ್ಲಿ ಗಿಡದ ಪಕ್ಕ ತೂಗುಹಾಕಿರುವ ಫೋಟೋದಲ್ಲಿನ ಶರಬತ್ತಿಗೆ ಏನು ಬೆರೆಸಿದ್ದಾರೋ, ಅದನ್ನು ಹಾಕಿದವರಿಗೇ ಗೊತ್ತು.

ಅಷ್ಟಾದರೂ ಮೈಸೂರಿನ ನಮ್ಮ ಮನೆಯ ತಾರಸಿಗೆ ಬಂದವರೆಲ್ಲ ಮೊದಲು ಹೋಗಿ ನಿಲ್ಲುವುದು ಇದರ ಮುಂದೆಯೇ. ಎಲೆಯ ನಡುವೆ ಹಸಿರು, ಅಂಚಿಗೆ ಕೆನೆ ಬಣ್ಣ. ಎಳೆ ಚಿಗುರಿಗೆ ನೇರಳೆ ಛಾಯೆ. ಕಾಯಿಯ ಮೇಲೆ ಉದ್ದುದ್ದಕ್ಕೆ ಹಸಿರು, ಕೆನೆ ಪಟ್ಟೆಗಳು. ಹಣ್ಣಾಗುತ್ತಾ ಪಟ್ಟೆ ಮಾಸಿ ಸಿಪ್ಪೆ ಹಳದಿಯಾಗುತ್ತದೆ. ಹಾಗಾಗಿ ನಾನು ಇದನ್ನು ಕಾಯಿಯಲ್ಲಿ ಇಷ್ಟಪಡುತ್ತೇನೆ, ಹಣ್ಣಿನಲ್ಲಿ ಅಷ್ಟಕ್ಕಷ್ಟೆ. ಉಪ್ಪಿನಕಾಯಿಗಂತೂ ಸುಮ್ನೆ ದಂಡ. ಖಾರದ ಪುಡಿ ಬಿದ್ದ ಮೇಲೆ ಯಾವ ಪಿಂಕು?

ಇದು ಯುರೇಕಾ ಎಂಬ ಲೆಮನ್ ಜಾತಿಯದ್ದು. ನಮ್ಮ ಇಂಡಿ ಕಡೆಯ ದುಂಡು ನಿಂಬೆಗಿಂತ ದೊಡ್ಡ ಹಣ್ಣು, ದಪ್ಪ ಸಿಪ್ಪೆ. 1930ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದ ಬರ್‌ಬ್ಯಾಂಕ್ ಊರಿನಲ್ಲಿ ಒಂದು ಮಾಮೂಲಿ ಯುರೇಕಾ ಮರದಲ್ಲಿ ಒಂದು ಕೊಂಬೆ ತಾನಾಗಿಯೇ ಹೀಗೆ ತಿರುಗಿತಂತೆ. ಆಮೇಲಿನದ್ದೆಲ್ಲ ಕಸಿ ಕಟ್ಟಿ ಬೆಳೆಸಿದ್ದು. ಆನ್‌ಲೈನಿನಲ್ಲಿ 'ವೇರಿಗೇಟೆಡ್ ಲೆಮನ್ ಬೀಜ', ಅಂದರೆ ಇಂಥ ಪಟ್ಟೆ ಎಲೆಯ ನಿಂಬೆಯ ಬೀಜ ಅಂತ ಪ್ಯಾಕೆಟ್ ಮಾರುತ್ತಾರಲ್ಲ, ಅದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ಬೀಜ ಹುಟ್ಟಿದರೆ ಬರುವುದು ಬರೀ ಹಸಿರು ಗಿಡ. ಇಲ್ಲವೇ ಬೆಳ್ಳಗಿನ ಮೊಳಕೆ ಬಂದು ಸ್ವಲ್ಪ ದಿನದಲ್ಲೇ ಸಾಯುತ್ತದೆ. ಈ ಪಟ್ಟೆ ಬೀಜದಲ್ಲಿ ದಾಟಿ ಬರುವಂಥದ್ದಲ್ಲ. ಒಂದೇ ಕುಡಿಯಲ್ಲಿ ಹಸಿರಿರುವ ಪದರ, ಹಸಿರಿಲ್ಲದ ಪದರ ಎರಡೂ ಒಟ್ಟಿಗೆ ಬೆಳೆಯುವುದರಿಂದ ಬರುವಂಥದ್ದು.

ಇನ್ನು ಕೊಳ್ಳುವ ವಿಷಯ. ನಾನು ತಂದದ್ದು ಊರ ಹೊರಗಿನ ಒಂದು ನರ್ಸರಿಯಿಂದ, 450 ರೂಪಾಯಿಗೆ. ಸ್ನೇಹಿತೆಯೂ ಜೊತೆಗೆ ಬಂದಿದ್ದಳು. ಹುಡುಗ ಒಂದು ಸಸಿ ಎತ್ತಿ ತೋರಿಸಿದ. ಮುಕ್ಕಾಲು ಪಾಲು ಬಿಳಿ.

"ಅಕ್ಕಾ, ಇದು ಸ್ಪೆಷಲ್ ಪೀಸು. ಇನ್ನೂರು ಜಾಸ್ತಿ ಆಗುತ್ತೆ."

"ಬೇಡಪ್ಪ, ಆ ಮೂಲೇಲಿರೋದು ಕೊಡು. ಹಸಿರು ಜಾಸ್ತಿ ಇರೋದು."

"ಅದಾ? ಅದನ್ನ ಯಾರೂ ತಗೊಳ್ಳಲ್ಲ ಅಕ್ಕಾ."

ಸ್ನೇಹಿತೆ ಸ್ಪೆಷಲ್ ಪೀಸನ್ನೇ ತಗೊಂಡಳು. ಏಪ್ರಿಲ್ ಬಿಸಿಲಿಗೆ ಅದರ ಬಿಳಿ ಭಾಗವೆಲ್ಲ ಸುಟ್ಟು ಕಂದಾಯಿತು, ಎಲೆ ಉದುರಿತು, ಮತ್ತೆ ಚಿಗುರಲೇ ಇಲ್ಲ. ಇದು ಅವಳ ತಪ್ಪೂ ಅಲ್ಲ, ಬಿಸಿಲಿನ ತಪ್ಪೂ ಅಲ್ಲ. ಗಿಡಕ್ಕೆ ಊಟ ತಯಾರಾಗುವುದು ಹಸಿರಿನಲ್ಲಿ. ಬಿಳಿ ಭಾಗ ಕೂತು ಉಣ್ಣುವ ನೆಂಟರಿದ್ದ ಹಾಗೆ. ಅಡುಗೆ ಮಾಡುವವರಿಗಿಂತ ನೆಂಟರೇ ಜಾಸ್ತಿಯಾದರೆ ಸಂಸಾರ ಎಷ್ಟು ದಿನ ನಡೆದೀತು? ಆದರೆ ನರ್ಸರಿಗಳಲ್ಲಿ ದರ ಹೇಳುವುದು ಮಾತ್ರ ಬಿಳಿ ನೋಡಿಯೇ. ಎಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿರಿರುವ ಸಸಿಯನ್ನೇ ಆರಿಸಿ. ದುಡ್ಡೂ ಉಳಿಯುತ್ತದೆ.

ಕಸಿಯ ಗಂಟನ್ನೂ ಬಗ್ಗಿ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಜಂಬೇರಿ ಅಥವಾ ರಂಗಪುರ ನಿಂಬೆಯ ಬೇರಿನ ಮೇಲೆ ಕಟ್ಟಿರುತ್ತಾರೆ. ಗಂಟಿನ ಕೆಳಗಿನಿಂದ ಚಿಗುರು ಬಂದರೆ ಅದು ಬೇರಿನ ಗಿಡದ್ದು, ಕಿತ್ತುಹಾಕಿ. ಗಂಟಿನ ಮೇಲೆಯೇ ಪಟ್ಟೆಯಿಲ್ಲದ ಅಚ್ಚ ಹಸಿರು ಕೊಂಬೆ ಬಂದರೂ ಬುಡಕ್ಕೆ ಕತ್ತರಿಸಿ. ಅದು ಮಿಕ್ಕವಕ್ಕಿಂತ ಜೋರಾಗಿ ಬೆಳೆಯುತ್ತದೆ. ಸುಮ್ಮನೆ ಬಿಟ್ಟರೆ ಕೊನೆಗೆ ಮಾಮೂಲಿ ನಿಂಬೆ ಗಿಡವೇ ಗತಿ. ಹಸಿರು ಕೊಂಬೆ ಕಡಿಯುವಾಗ ನಮ್ಮ ಅತ್ತೆಗೆ ಪ್ರತಿ ಸಲವೂ ಹೊಟ್ಟೆ ಉರಿ. "ಚೆನ್ನಾಗಿರೋದನ್ನೇ ಕಡೀತೀಯಲ್ಲೇ, ಕಾಯಿಲೆ ಬಿದ್ದಿರೋದನ್ನ ಸಾಕ್ತೀಯ" ಅಂತಾರೆ.

ಅವರ ಮಾತಿನಲ್ಲಿ ಅರ್ಥವೇ ಇಲ್ಲ ಅನ್ನುವಂತಿಲ್ಲ. ಈ ಗಿಡದ ದೊಡ್ಡ ಕಿರಿಕಿರಿ ಅದೇ, ಕಾಯಿಲೆ ಬಂದರೆ ಬೇಗ ಗೊತ್ತಾಗುವುದಿಲ್ಲ. ಬೋರ್ ನೀರು ಗಡುಸಾಗಿದ್ದರೆ ಕಬ್ಬಿಣ, ಸತುವಿನ ಕೊರತೆ ಬರುತ್ತದೆ. ಆಗ ನರ ಹಸಿರಾಗಿಯೇ ಇದ್ದು ನರಗಳ ನಡುವೆ ಹಳದಿಯಾಗುತ್ತದೆ. ಪಟ್ಟೆಯಾದರೆ ಅದರ ಅಂಚು ಗೆರೆ ಎಳೆದ ಹಾಗೆ ಸ್ಪಷ್ಟವಾಗಿರುತ್ತದೆ. ಅಂಚೇ ಇಲ್ಲದ ಮಬ್ಬು ಹಳದಿ ಮಚ್ಚೆ, ಅದೂ ನಡುನರದ ಎರಡು ಪಕ್ಕ ಬೇರೆ ಬೇರೆ ತರ ಕಂಡರೆ ಹುಷಾರಾಗಿ. ಅದು ಗ್ರೀನಿಂಗ್ ರೋಗ ಇರಬಹುದು. ಕೊಡಗಿನ ಕಿತ್ತಳೆ ತೋಟಗಳನ್ನು ಹಾಳು ಮಾಡಿದ ರೋಗಗಳಲ್ಲಿ ಇದೂ ಒಂದು, ಬಂದರೆ ಔಷಧಿ ಇಲ್ಲ. ಇದನ್ನು ಹರಡುವ ಸಿಲ್ಲಿಡ್ ಎಂಬ ಸಣ್ಣ ಕೀಟ ಕರಿಬೇವಿನ ಮೇಲೂ ಬೆಳೆಯುತ್ತದೆ. ಅದಕ್ಕೇ ನಮ್ಮ ಕರಿಬೇವಿನ ಕುಂಡವನ್ನು ತಾರಸಿಯಿಂದ ಇಳಿಸಿ ಹಿತ್ತಲಿಗೆ ಕಳಿಸಿದ್ದೇನೆ. ಒಗ್ಗರಣೆಗೆ ಅಂತ ಅಲ್ಲಿಯವರೆಗೆ ಓಡಬೇಕು, ಏನು ಮಾಡುವುದು.

ಇದೇ ಬಣ್ಣದ ಎಲೆಯ ಇನ್ನೆರಡು ಗಿಡ ಇಟ್ಟಿದ್ದೇನೆ. ವೇರಿಗೇಟೆಡ್ ಮಾಲ್ಟಾ ಎಂಬ ಸಿಹಿ ಕಿತ್ತಳೆ ಬೆಳೆಯುವುದು ನಿಧಾನ, ನನ್ನದು ಇನ್ನೂ ಕಾಯಿ ಬಿಟ್ಟಿಲ್ಲ, ಜಾಸ್ತಿ ಹೇಳುವಂಥದ್ದೇನೂ ಇಲ್ಲ. ಚೈನಾ ಆರೆಂಜ್ ಮಾತ್ರ ಚಿನ್ನದಂಥ ಗಿಡ. ಫಿಲಿಪೀನ್ಸ್‌ನವರು ಕಲಮಾನ್ಸಿ ಅಂತ ಅಡುಗೆಗೆ ಬಳಸುತ್ತಾರಲ್ಲ, ಅದೇ ಜಾತಿ. ಕುಂಡದಲ್ಲೇ ಗೊಂಚಲು ಗೊಂಚಲಾಗಿ ಬಿಡುತ್ತದೆ. ಕಾಯಿಗೆ ಪಟ್ಟೆ, ಹಣ್ಣಿಗೆ ಕಿತ್ತಳೆ ಬಣ್ಣ. ಸಿಪ್ಪೆ ಸಿಹಿ, ಒಳಗೆ ಕಣ್ಣು ಮುಚ್ಚುವಷ್ಟು ಹುಳಿ. ಚಿತ್ರಾನ್ನಕ್ಕೆ ಪಿಂಕ್ ನಿಂಬೆಗಿಂತ ಇದೇ ನನಗೆ ಇಷ್ಟ. ದರವೂ ಅರ್ಧ.

ಇಂಥ ವಿಚಿತ್ರಗಳನ್ನು ಕೂಡಿಡುವ ಹುಚ್ಚು ಹಳೆಯದು. ಇಟಲಿಯ ಫ್ಲಾರೆನ್ಸ್‌ನ ಬಿಜ್ಜಾರಿಯಾ ಎಂಬ ಮರವನ್ನು 1674ರಲ್ಲೇ ಪಿಯೆತ್ರೋ ನಾಟಿ ಎಂಬವನು ವರ್ಣಿಸಿ ಬರೆದಿದ್ದಾನೆ. ಒಂದೇ ಹಣ್ಣಿನಲ್ಲಿ ಹುಳಿ ಕಿತ್ತಳೆ ಒಂದಷ್ಟು, ಮಾದಳ ಒಂದಷ್ಟು. ಅದೂ ಎರಡು ಗಿಡಗಳ ಪದರ ಕಸಿಯಲ್ಲಿ ಬೆರೆತು ಹುಟ್ಟಿದ್ದೇ. ಅದೇನಾದರೂ ನಮ್ಮ ನರ್ಸರಿಗೆ ಬಂದರೆ ದರ ಎಷ್ಟು ಹೇಳುತ್ತಾರೋ!

ತೆಗೆದುಕೊಳ್ಳುವುದಾದರೆ ಮಳೆಗಾಲ ಶುರುವಾದ ಮೇಲೆ ತಗೊಳ್ಳಿ, ಬೇಸಿಗೆಯಲ್ಲಿ ಬೇಡ. ಸಸಿಯ ಬೇರಿಗೆ ಅಂಟಿರುವ ಜೇಡಿ ಮಣ್ಣು ಗಟ್ಟಿಯಾಗಿದ್ದರೆ ಮೆಲ್ಲಗೆ ಸಡಿಲಿಸಿ, ಕೆಂಪು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ನೆಡಿ. ಬೆಳಗಿನ ಬಿಸಿಲು ಬೀಳಲಿ, ಮಧ್ಯಾಹ್ನ ನೆರಳಿರಲಿ. ಚಿಗುರಿನ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕಂಡರೆ ಅದು ಚಿಟ್ಟೆಯ ಹುಳ, ಕೈಯಲ್ಲೇ ಆರಿಸಿ. ಪಿಂಕ್ ನಿಂಬೆಗೆ ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ, ಚೈನಾ ಆರೆಂಜಿಗೆ ನಾಲ್ಕೂವರೆ. ಒಂದೇ ಗಿಡಕ್ಕೆ ಜಾಗ ಇರುವವರು ಎರಡನೆಯದನ್ನೇ ತನ್ನಿ.