ದಿನ ಎಣಿಕೆ, ಸ್ಮಿಯರ್, ಪ್ರೊಜೆಸ್ಟಿರಾನ್: ಹೆಣ್ಣು ನಾಯಿಯನ್ನು ಕೂಡಿಸುವ ದಿನ ಯಾವುದರಿಂದ ಸಿಗುತ್ತದೆ?

ಕೂಡಿಸಿದರೂ ಗಬ್ಬ ನಿಲ್ಲದಿದ್ದರೆ ಮೊದಲು ಅನುಮಾನ ಹೋಗುವುದು ಗಂಡು ನಾಯಿಯ ಮೇಲೆ. ಆದರೆ ಬಹಳ ಸಲ ತಪ್ಪಿರುವುದು ದಿನ. ಆ ದಿನ ಹುಡುಕುವ ದಾರಿಗಳನ್ನು ನಾವು ಒಂದೇ ಬೆದೆಯಲ್ಲಿ ಅಕ್ಕಪಕ್ಕ ಇಟ್ಟು ನೋಡಿದ್ದೇವೆ. ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ. ಯಾವುದು ಯಾವ ಪ್ರಶ್ನೆಗೆ ಎಂದು ತಿಳಿಯದೆ ಬಳಸಿದರೆ ಎಲ್ಲವೂ ಕೈಕೊಡುತ್ತವೆ.

ಮೊದಲು ಗುರಿ ಏನೆಂದು ತಿಳಿದಿರಬೇಕು. ನಾಯಿಯಲ್ಲಿ ಅಂಡ ಬಲಿಯುವ ಮೊದಲೇ ಬಿಡುಗಡೆಯಾಗುತ್ತದೆ. ಆಮೇಲೆ 2–3 ದಿನ ಅಂಡನಾಳದಲ್ಲೇ ಬಲಿತು, ಮತ್ತೆ 2–3 ದಿನ ಫಲಕ್ಕೆ ಯೋಗ್ಯವಾಗಿರುತ್ತದೆ. ಹಾಗಾಗಿ ಬೇಕಾದದ್ದು ಅಂಡ ಬಿಡುಗಡೆಯ ದಿನವಲ್ಲ, ಅದಾದ ಎರಡನೆಯ ದಿನದಿಂದ ಮುಂದಿನ ಕೆಲವು ದಿನ. ಗಂಡು ನೇರವಾಗಿ ಕೂಡಿದರೆ ಒಳ್ಳೆಯ ವೀರ್ಯ ಹೆಣ್ಣಿನ ಒಳಗೆ ಐದು ದಿನವಾದರೂ ಬದುಕಿರಬಲ್ಲದು, ಒಂದೆರಡು ದಿನದ ತಪ್ಪನ್ನು ಅದೇ ಮುಚ್ಚಿಹಾಕುತ್ತದೆ. ಘನೀಕರಿಸಿದ ವೀರ್ಯ ಕರಗಿಸಿದ ಮೇಲೆ ಸುಮಾರು ಒಂದು ದಿನವೂ ಬಾಳುವುದಿಲ್ಲ, ಅಲ್ಲಿ ತಪ್ಪಿಗೆ ಜಾಗವೇ ಇಲ್ಲ.

ದಿನ ಎಣಿಕೆ ಎಲ್ಲರೂ ಮಾಡುವುದು: ರಕ್ತ ಕಂಡ ದಿನ ಒಂದು, 11ಕ್ಕೆ ಒಮ್ಮೆ, 13ಕ್ಕೆ ಇನ್ನೊಮ್ಮೆ. ಸರಾಸರಿ ನಾಯಿಗೆ ಇದು ಹೊಂದುತ್ತದೆ, ಆದರೆ ನಿಮ್ಮ ನಾಯಿ ಸರಾಸರಿಯದ್ದೇ ಎಂದು ಹೇಳುವವರು ಯಾರು? ಒಂದು ಏಳನೇ ದಿನವೇ ಅಂಡ ಬಿಟ್ಟಿರುತ್ತದೆ, ಇನ್ನೊಂದು 20 ದಾಟಿದರೂ ಬಿಟ್ಟಿರುವುದಿಲ್ಲ. ಅದೇ ನಾಯಿಯ ಮುಂದಿನ ಬೆದೆಯೂ ಹಿಂದಿನಂತೆಯೇ ನಡೆಯಬೇಕೆಂದಿಲ್ಲ. ತನ್ನನ್ನು ತಾನೇ ನೆಕ್ಕಿ ಸ್ವಚ್ಛವಾಗಿರುವ ಹೆಣ್ಣಿನಲ್ಲಿ ಒಂದನೇ ದಿನವೇ ತಪ್ಪಾಗಿ ದಾಖಲಾಗಿರುತ್ತದೆ. ದಿನವೂ ಬಿಳಿ ಟಿಶ್ಯೂ ಒತ್ತಿ ನೋಡಿದರೆ ಆ ತಪ್ಪು ಮಾತ್ರ ತಪ್ಪೀತು.

ನಡವಳಿಕೆ ಎಣಿಕೆಗಿಂತ ಮೇಲು. ಸ್ರಾವ ಕಡುಗೆಂಪಿನಿಂದ ತೆಳು ಗುಲಾಬಿ ಅಥವಾ ಒಣಹುಲ್ಲಿನ ಬಣ್ಣಕ್ಕೆ ತಿರುಗುವುದು, ಬಿಗಿಯಾಗಿ ಊದಿದ ಯೋನಿದ್ವಾರ ಮೆತ್ತಗಾಗುವುದು, ಬಾಲದ ಬುಡದ ಹತ್ತಿರ ಕೆರೆದರೆ ಬಾಲ ಪಕ್ಕಕ್ಕೆ ಸರಿಸಿ ನಿಲ್ಲುವುದು ಗುರುತುಗಳು. ಆದರೆ ಕೆಲವು ಹೆಣ್ಣುಗಳು ಅಂಡ ಬಿಡುಗಡೆಗೆ ದಿನಗಟ್ಟಲೆ ಮೊದಲೇ ನಿಲ್ಲುತ್ತವೆ, ಕೆಲವು ಸರಿಯಾದ ದಿನವೂ ಗಂಡನ್ನು ಕಚ್ಚಿ ಓಡಿಸುತ್ತವೆ. ಕೊನೆಯವರೆಗೂ ರಕ್ತ ಕೆಂಪಾಗಿಯೇ ಬರುವ ನಾಯಿಗಳೂ ಇವೆ, ‘ಬಣ್ಣ ತಿಳಿಯಾಗಲಿ’ ಎಂದು ಕಾದವರಿಗೆ ಆ ಬೆದೆ ಹೋಯಿತು.

ಸ್ಮಿಯರ್‌ನಿಂದ, ಅಂದರೆ ಯೋನಿಯ ಕೋಶಗಳನ್ನು ಸ್ಲೈಡಿಗೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದರಿಂದ, ಪರೀಕ್ಷೆಯೆನ್ನುವ ಮಾತು ಶುರು. ಸಲೈನ್‌ನಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಯೋನಿದ್ವಾರದ ಮೇಲಿನ ಮೂಲೆಯಿಂದ ಮೊದಲು ಬೆನ್ನೆಲುಬಿನ ಕಡೆಗೆ ಮೇಲಕ್ಕೆ, ಆಮೇಲೆ ಮುಂದಕ್ಕೆ ಬಿಡಬೇಕು. ಕೆಳಗಿನಿಂದ ನೇರ ತೂರಿಸಿದರೆ ಕ್ಲಿಟೋರಿಸ್ ಗುಂಡಿಗೆ ತಾಗುತ್ತದೆ. ನಾಯಿಗೆ ನೋವು, ಮೇಲಾಗಿ ಅಲ್ಲಿನ ಜೀವಕೋಶಗಳು ಯಾವಾಗಲೂ ಬಲಿತಂತೆ ಕಂಡು ಮೋಸಮಾಡುತ್ತವೆ. ಒಳಗೆ ಒಂದು ಸುತ್ತು ತಿರುಗಿಸಿ ತೆಗೆದು, ಸ್ಲೈಡಿನ ಮೇಲೆ ಉರುಳಿಸಿ. ಉಜ್ಜಿದರೆ ಕೋಶಗಳು ಹರಿಯುತ್ತವೆ. ಬಣ್ಣ ಹಾಕಿ ನೋಡಿದಾಗ ಬೆದೆಯ ಆರಂಭದಲ್ಲಿ ದುಂಡನೆಯ ಕೋಶ, ನಡುವೆ ದೊಡ್ಡ ನ್ಯೂಕ್ಲಿಯಸ್. ದಿನ ಕಳೆದಂತೆ ಅವು ದೊಡ್ಡದಾಗಿ, ಅಂಚು ಮುರಿದು ಮಡಿಚಿ, ಒಣಗಿದ ಎಲೆಯ ಚೂರುಗಳಂತಾಗುತ್ತವೆ. ನ್ಯೂಕ್ಲಿಯಸ್ ಚುಕ್ಕೆಯಾಗುತ್ತದೆ ಇಲ್ಲವೇ ಮಾಯವಾಗುತ್ತದೆ. 100 ಕೋಶ ಎಣಿಸಿ 80–90ಕ್ಕಿಂತ ಹೆಚ್ಚು ಹೀಗಿದ್ದರೆ ನಾಯಿ ಪೂರ್ಣ ಬೆದೆಯಲ್ಲಿದೆ.

ಇಷ್ಟಕ್ಕೇ ‘ಇವತ್ತು ಕೂಡಿಸಿ’ ಎನ್ನುವುದು ದೊಡ್ಡ ತಪ್ಪು. ಸ್ಲೈಡ್ ತೋರಿಸುವುದು ಈಸ್ಟ್ರೋಜೆನ್ ಎಂಬ ಹಾರ್ಮೋನಿನ ಪ್ರಭಾವವನ್ನು, ಅಂಡ ಬಿಡುಗಡೆಯನ್ನಲ್ಲ. ಇದೇ ಚಿತ್ರ ಬಿಡುಗಡೆಗೆ ಹಲವು ದಿನ ಮೊದಲಿಂದ ಹಲವು ದಿನ ನಂತರದವರೆಗೂ ಕದಲದೆ ಇರುತ್ತದೆ.

ಆ ಕದಲದ ಚಿತ್ರದ ಒಳಗೆ ದಿನ ಗುರುತಿಸುವುದು ಪ್ರೊಜೆಸ್ಟಿರಾನ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ, ಒಂದೇ ಒಂದು ಪರೀಕ್ಷೆಗೆ ಅವಕಾಶವಿದ್ದರೆ ನಮ್ಮ ಆಯ್ಕೆಯೂ ಇದೇ. ಒಂದು ಮಿಲಿಲೀಟರಿಗೆ 1 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಇನ್ನೂ ಸಮಯವಿದೆ. 2ರ ಆಸುಪಾಸು ಎಲ್‌ಎಚ್ (ಅಂಡ ಬಿಡುಗಡೆ ಮಾಡಿಸುವ ಹಾರ್ಮೋನು) ಏರಿಕೆಯ ಗುರುತು, ಅಲ್ಲಿಂದ ಸುಮಾರು ಎರಡು ದಿನಕ್ಕೆ 4ರಿಂದ 10ರ ನಡುವೆ ಅಂಡ ಬಿಡುಗಡೆ. ಸ್ಮಿಯರ್‌ನಲ್ಲಿ ಒಣ ಎಲೆಯಂಥ ಬಲಿತ ಕೋಶ ಹೆಚ್ಚಾಗತೊಡಗಿದ ಮೇಲೆ ಎರಡು ದಿನಕ್ಕೊಮ್ಮೆ ರಕ್ತ ತೆಗೆಸಿ, 2 ದಾಟಿದ ಮೇಲೆ ದಿನವೂ. ಬಿಡುಗಡೆ ಖಚಿತವಾದ ದಿನದಿಂದ ಎರಡು ದಿನಕ್ಕೆ ಒಮ್ಮೆ, ಮತ್ತೆ 48 ಗಂಟೆಗೆ ಇನ್ನೊಮ್ಮೆ ಕೂಡಿಸಿ. ಘನೀಕರಿಸಿದ ವೀರ್ಯವನ್ನು ಮೂರನೇ ದಿನದ ಸುಮಾರಿಗೆ ನೇರ ಗರ್ಭಕೋಶಕ್ಕೇ ಹಾಕಿಸಬೇಕು.

ಕೆಡುವುದು ಎಲ್ಲಿ? ಒಂದೇ ಸಲ ತೆಗೆಸಿ 12 ಬಂದರೆ ಬಿಡುಗಡೆ ನಿನ್ನೆಯೋ ಮೊನ್ನೆಯೋ ತಿಳಿಯುವುದಿಲ್ಲ. ಅರ್ಥ ಇರುವುದು ಏರಿಕೆಯಲ್ಲಿ, ಒಂಟಿ ಸಂಖ್ಯೆಯಲ್ಲಲ್ಲ. ಯಂತ್ರದಿಂದ ಯಂತ್ರಕ್ಕೆ ಸಂಖ್ಯೆ ಬೇರೆಯಾಗುವುದರಿಂದ ಒಂದು ಬೆದೆಗೆ ಒಂದೇ ಲ್ಯಾಬ್. ನ್ಯಾನೋಮೋಲ್ ಲೆಕ್ಕದಲ್ಲಿ ವರದಿ ಬಂದರೆ 3.18ರಿಂದ ಭಾಗಿಸಿ; ಇದನ್ನು ಮರೆತು 6 ನ್ಯಾನೋಮೋಲನ್ನು ಬಿಡುಗಡೆಯೆಂದು ಓದಿದರೆ ಎರಡು ದಿನ ಮುಂಚೆಯೇ ಕೂಡಿಸಿದಂತೆ. ಜೆಲ್ ಇರುವ ಟ್ಯೂಬಿನಲ್ಲಿ ಸಂಖ್ಯೆ ತಗ್ಗಿ ಬರಬಹುದು, ಸಾದಾ ಟ್ಯೂಬ್ ಕೇಳಿ. ಪ್ರೊಜೆಸ್ಟಿರಾನ್ 2–3ಕ್ಕೆ ಏರಿ ಮತ್ತೆ ಇಳಿದರೆ ಅದು ಒಡೆದ ಬೆದೆ. ಆ ಸಲ ಕೂಡಿಸಬೇಡಿ, ಕೆಲವು ವಾರಗಳಲ್ಲಿ ಮತ್ತೆ ಬರುತ್ತದೆ.

ಎಲ್‌ಎಚ್ ಕಿಟ್ ಕೂಡ ಇದೆ. ಏರಿಕೆ ಒಂದೆರಡು ದಿನಕ್ಕೇ ಮುಗಿಯುವುದರಿಂದ ದಿನವೂ ಪರೀಕ್ಷಿಸಬೇಕು, ಒಂದು ದಿನ ತಪ್ಪಿದರೆ ಗೆರೆ ಕಾಣದೇ ಹೋಗಬಹುದು. ಯೋನಿಯ ವಿದ್ಯುತ್ ಪ್ರತಿರೋಧ ಅಳೆಯುವ ಮೀಟರ್ ಇಡುವ ಕೋನ, ಮೂತ್ರದ ತೇವ, ಸೋಂಕು ಎಲ್ಲಕ್ಕೂ ಅಲುಗಾಡುತ್ತದೆ. ಅದೊಂದನ್ನೇ ನಂಬಿ ದಿನ ಗೊತ್ತುಮಾಡಬೇಡಿ.

ಕೂಡಿಸಿದ ಮೇಲೆ ಸ್ಮಿಯರ್ ನಿಲ್ಲಿಸುವವರೇ ಹೆಚ್ಚು, ಆದರೆ ಅದರ ಅತ್ಯುತ್ತಮ ಉಪಯೋಗ ಆಗಲೇ. ದಿನವೂ ನೋಡುತ್ತಿರಿ. ಒಣ ಎಲೆಗಳ ನಡುವೆ ಒಂದೇ ದಿನದಲ್ಲಿ ದುಂಡನೆಯ ಕೋಶಗಳೂ ಬಿಳಿ ರಕ್ತಕಣಗಳೂ ತುಂಬಿಕೊಳ್ಳುತ್ತವೆ. ಆ ದಿನ ಅಂಡ ಬಿಡುಗಡೆಯಿಂದ ಸುಮಾರು ಆರನೆಯದು. ಕೂಡಿಸಿ ಎರಡು ಮೂರು ದಿನಕ್ಕೆ ಅದು ಬಂದರೆ ಸಮಯ ಸರಿಯಾಗಿತ್ತು. ಹತ್ತು ದಿನಕ್ಕೆ ಬಂದರೆ ಬೇಗ ಕೂಡಿಸಿದ್ದೀರಿ. ಮರಿ ಹಾಕುವ ದಿನವನ್ನೂ ಅಲ್ಲಿಂದಲೇ ಎಣಿಸಬಹುದು: 57, ಒಂದು ದಿನ ಆಚೀಚೆ.