ಹಾಳೆ ತಟ್ಟೆ ವ್ಯಾಪಾರಕ್ಕೆ ಸಾಗಣೆ ಸಲಹೆಗಾರ ಬೇಕಾ? ಎರಡು-ಮೂರು ಮಳೆಗಾಲದ ನಂತರದ ವಿಮರ್ಶೆ

ತೀರ್ಥಹಳ್ಳಿ ಕಡೆ ನಮ್ಮದೊಂದು ಅಡಿಕೆ ಹಾಳೆ ತಟ್ಟೆ ಘಟಕ. ಮಾಲು ಬೆಂಗಳೂರು, ಹೈದರಾಬಾದ್, ಪುಣೆಗೆ ಹೋಗುತ್ತದೆ. ಸ್ವಲ್ಪ ಉಡುಪಿಗೂ. ಲಾಭವೆಲ್ಲ ಲಾರಿ ಬಾಡಿಗೆಗೇ ಹೋಗುತ್ತಿದೆ ಅನಿಸಿದಾಗ ಸರಕು ಸಾಗಣೆ ಸಲಹೆಗಾರರೊಬ್ಬರನ್ನು ಗೊತ್ತು ಮಾಡಿಕೊಂಡೆವು. ಕೆಳಗೆ ದೂರುಗಳೂ ಇರುವುದರಿಂದ ಹೆಸರು ಹಾಕುವುದಿಲ್ಲ. ನನ್ನ ಲೆಕ್ಕದಲ್ಲಿ 5ಕ್ಕೆ ಮೂರೂವರೆ.

ಮೊದಲು ಆಯ್ಕೆಯ ವಿಷಯ. ಶಿವಮೊಗ್ಗದಲ್ಲೇ ಒಬ್ಬರು ಸಿಕ್ಕಿದ್ದರು. ಸಲಹೆಗೆ ದುಡ್ಡೇ ಬೇಡ ಅಂದರು. ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳಿದರೆ, ಲಾರಿ ಮಾಲೀಕರು ಕಮಿಷನ್ ಕೊಡುತ್ತಾರಂತೆ. ಅಂದರೆ ಅವರು ಬ್ರೋಕರ್. ಬ್ರೋಕರ್ ಕೆಲಸ ಕೆಟ್ಟದ್ದೇನಲ್ಲ, ರಾತ್ರಿ ಎಂಟಕ್ಕೆ ಗಾಡಿ ಬೇಕೆಂದರೆ ಅವರೇ ದಿಕ್ಕು. ಆದರೆ ಬಾಡಿಗೆ ಏರಿದಷ್ಟೂ ಕಮಿಷನ್ ಏರುವವರ ಹತ್ತಿರ ಬಾಡಿಗೆ ಇಳಿಸುವ ದಾರಿ ಕೇಳುವುದು ಹೇಗೆ?

ಬೆಂಗಳೂರಿನ ಇನ್ನೊಬ್ಬರು ಉಳಿತಾಯದಲ್ಲಿ ಪಾಲು ಕೇಳಿದರು. ಕೇಳಲು ಚೆಂದ. ಆದರೆ ಯಾವ ದರಕ್ಕೆ ಹೋಲಿಸಿ ಉಳಿತಾಯ? ಅಡಿಕೆ ಸೀಸನ್‌ನಲ್ಲಿ ಉತ್ತರ ಭಾರತಕ್ಕೆ ಲೋಡು ಜೋರಾಗಿದ್ದು ಗಾಡಿ ಸಿಗದ ತಿಂಗಳ ದರ ಹಿಡಿದರೆ, ಏನೂ ಮಾಡದೆ ಕೂತರೂ ಮಳೆಗಾಲದಲ್ಲಿ ‘ಉಳಿತಾಯ’ ಕಾಣುತ್ತದೆ. ಅದೂ ಸಾಲದು ಅಂತ, ಉಡುಪಿಯ ಮಾಲನ್ನು ದೊಡ್ಡ ಲಾರಿಯಲ್ಲಿ ಆಗುಂಬೆ ಘಾಟಿ ಇಳಿಸಿ ಅಂದರು, ಮ್ಯಾಪಿನಲ್ಲಿ ಅದೇ ಹತ್ತಿರ ನೋಡಿ! ಆ ತಿರುವುಗಳಲ್ಲಿ ಭಾರಿ ವಾಹನ ಬಿಡುವುದಿಲ್ಲ ಅನ್ನುವುದು ನಮ್ಮೂರ ಮಕ್ಕಳಿಗೂ ಗೊತ್ತು.

ನಾವು ಒಪ್ಪಿದವರು ತಿಂಗಳಿಗೆ ಇಷ್ಟು ಅಂತ ಶುಲ್ಕ ಹೇಳಿದರು. ಯಾವ ಟ್ರಾನ್ಸ್‌ಪೋರ್ಟಿನಿಂದಲೂ ಕಮಿಷನ್ ತಗೊಳ್ಳುವುದಿಲ್ಲ ಅಂತ ಬರೆದುಕೊಟ್ಟರು. ದರದ ಮಾತು ಎತ್ತುವ ಮೊದಲು ಹಳೆಯ ಎಲ್‌ಆರ್ (ಮಾಲು ಬುಕ್ ಮಾಡಿದಾಗ ಟ್ರಾನ್ಸ್‌ಪೋರ್ಟಿನವರು ಕೊಡುವ ಲಾರಿ ರಸೀದಿ), ಬಿಲ್ಲುಗಳನ್ನೆಲ್ಲ ಕೇಳಿದರು. ಆಮೇಲೆ ಗೋಡೌನಿಗೆ ಬಂದು ಟೇಪ್ ಹಿಡಿದು ಬಾಕ್ಸ್ ಅಳೆದರು. ನನಗೆ ನಂಬಿಕೆ ಬಂದದ್ದು ಅಲ್ಲೇ.

ಯಾಕೆಂದರೆ ಹಾಳೆ ತಟ್ಟೆಯ ಕಷ್ಟ ತೂಕದ್ದಲ್ಲ, ಜಾಗದ್ದು. ಪಾರ್ಟ್ ಲೋಡಿನಲ್ಲಿ, ಅಂದರೆ ಪೂರ್ತಿ ಗಾಡಿ ಹಿಡಿಯದೆ ಬೇರೆಯವರ ಮಾಲಿನ ಜೊತೆ ಕಳಿಸುವಾಗ, ಸಾಗಣೆ ಕಂಪನಿಗಳು ನಿಜವಾದ ತೂಕ, ಗಾತ್ರದ ತೂಕ ಎರಡನ್ನೂ ನೋಡಿ ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ ಹಾಕುತ್ತವೆ. ಬಾಕ್ಸಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಘನ ಅಡಿಗೆ ತರಲು 27,000ದಿಂದ ಭಾಗಿಸಿ, ಬಂದದ್ದನ್ನು ಘನ ಅಡಿಗೆ ಇಷ್ಟು ಕಿಲೋ ಅಂತ 6, 8 ಅಥವಾ 10ರಿಂದ ಗುಣಿಸುವುದು ರೂಢಿ. 60, 45, 45ರ ಬಾಕ್ಸ್ ಅಂದರೆ ಅವರ ಲೆಕ್ಕದಲ್ಲಿ ನಾಲ್ಕೂವರೆ ಘನ ಅಡಿ. 6ರ ಲೆಕ್ಕದಲ್ಲಿ 27 ಕಿಲೋ, 10ರ ಲೆಕ್ಕದಲ್ಲಿ 45 ಕಿಲೋ. ಒಳಗಿರುವ ತಟ್ಟೆ ಅದರ ಅರ್ಧವೂ ತೂಗದೇ ಇರಬಹುದು! ಹೀಗಾಗಿ ಕಿಲೋಗೆ ಎಷ್ಟು ಅಂತ ಚೌಕಾಸಿ ಮಾಡುವುದಕ್ಕಿಂತ, ಗುಣಿಸುವ ಅಂಕಿ ಆರಾ ಹತ್ತಾ ಅನ್ನುವುದರ ಮೇಲೆ ಚೌಕಾಸಿ ಮಾಡಬೇಕು. ದರ ಕಡಿಮೆ ಹೇಳಿ ಅಂಕಿ 10 ಇಟ್ಟವರು, ದರ ಜಾಸ್ತಿ ಹೇಳಿ 6 ಇಟ್ಟವರಿಗಿಂತ ದುಬಾರಿ ಬೀಳುವುದುಂಟು. ಇನ್ನೂ ಒಂದು ಮಾತು, ಒಂದು ಘನ ಅಡಿ ಅಂದರೆ 28,317 ಘನ ಸೆಂಟಿಮೀಟರ್. 27,000ದಿಂದ ಭಾಗಿಸಿದಾಗಲೇ ನೂರಕ್ಕೆ ಸುಮಾರು 5ರಷ್ಟು ಅವರ ಜೇಬಿಗೆ ಹೋಗಿರುತ್ತದೆ.

ಸಲಹೆಗಾರರು ನಮ್ಮ ಬಾಕ್ಸಿನ ಎತ್ತರವನ್ನು 45ರಿಂದ 40ಕ್ಕೆ ಇಳಿಸಿ ಅಂದರು. ತಟ್ಟೆಗಳ ಮೇಲೆ ಅಷ್ಟು ಜಾಗ ಖಾಲಿಯೇ ಇತ್ತು. ಈಗ ಅದೇ 10ರ ಲೆಕ್ಕದಲ್ಲಿ 45 ಕಿಲೋ ಬದಲು 40. ಯಾರ ಹತ್ತಿರವೂ ದರ ಇಳಿಸಿ ಅಂತ ಗೋಗರೆಯದೆ ಉಳಿದ ದುಡ್ಡು ಅದು. ಫುಲ್ ಲೋಡಿಗೂ ಇದೇ ತರ್ಕ. 32 ಅಡಿ ಕಂಟೇನರ್ ಲಾರಿಯಲ್ಲಿ ಸಿಂಗಲ್ ಆಕ್ಸಲ್ (ಹಿಂದೆ ಒಂದೇ ಅಚ್ಚು) ಗಾಡಿ ಸುಮಾರು 7 ಟನ್ ಹೊರುತ್ತದೆ, ಮಲ್ಟಿ ಆಕ್ಸಲ್ (ಹಿಂದೆ ಒಂದಕ್ಕಿಂತ ಹೆಚ್ಚು ಅಚ್ಚು) ಅದರ ಎರಡರಷ್ಟು. ತಟ್ಟೆ ತುಂಬಿದರೆ 7 ಟನ್ ಆಗುವ ಮೊದಲೇ ಜಾಗ ಮುಗಿಯುತ್ತದೆ. ಸುಮ್ನೆ ಮಲ್ಟಿ ಆಕ್ಸಲ್ ಬಾಡಿಗೆ ಯಾಕೆ ಕೊಡಬೇಕು?

ದಾರಿಯನ್ನೂ ಬದಲಾಯಿಸಿದರು. ಪುಣೆ ಮಾಲು ಮುಂಚೆ ಬೆಂಗಳೂರಿಗೆ ಹೋಗಿ, ಅಲ್ಲಿ ಇಳಿದು, ಮತ್ತೆ ಹತ್ತಿ ಬಡಗು ದಿಕ್ಕಿಗೆ ಹೊರಡುತ್ತಿತ್ತು. ಈಗ ಹೊನ್ನಾಳಿ, ಹರಿಹರದ ಮೇಲೆ ಹೆದ್ದಾರಿ 48 ಸೇರಿ ಹುಬ್ಬಳ್ಳಿಯಲ್ಲಿ ಬದಲಾಗುತ್ತದೆ. ಹಮಾಲರ ಕೈಯಲ್ಲಿ ಬಾಕ್ಸ್ ಎತ್ತಿ ಎಸೆಸಿಕೊಳ್ಳುವುದು ಕಡಿಮೆಯಾದಷ್ಟೂ ಅಂಚು ಮುರಿಯುವುದು ಕಡಿಮೆ. ಮಳೆಗಾಲದಲ್ಲಿ ಟಾರ್ಪಾಲಿನ ಗಾಡಿ ಬೇಡವೇ ಬೇಡ, ಮುಚ್ಚಿದ ಬಾಡಿಯೇ ಬೇಕು ಅಂತ ಒಪ್ಪಂದದಲ್ಲಿ ಸೇರಿಸಿದ್ದೂ ಅವರೇ. ನೀರು ತಾಗಿದ ಹಾಳೆಗೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ, ಗಿರಾಕಿ ಅದನ್ನು ವಾಪಸ್ ಕಳಿಸಿದರೆ ಆ ಬಾಡಿಗೆಯೂ ನಮ್ಮ ತಲೆಗೇ.

ಎಲ್‌ಆರ್ ಹಿಂದಿನ ಸಣ್ಣ ಅಕ್ಷರ ಓದಲು ಕಲಿಸಿದ್ದಕ್ಕೆ ಅರ್ಧ ಸ್ಟಾರ್ ಜಾಸ್ತಿ. 2007ರ ರಸ್ತೆ ಸಾಗಣೆ ಕಾಯ್ದೆಯ ನಿಯಮದ ಪ್ರಕಾರ, ಮಾಲು ಹಾಳಾದರೆ ಸಾಗಣೆದಾರನ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಬುಕ್ ಮಾಡುವಾಗಲೇ ಬೆಲೆ ಘೋಷಿಸಿ ಹೆಚ್ಚಿನ ದರ ಕಟ್ಟಬೇಕು. ಕೇಸ್ ಹಾಕಬೇಕೆಂದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ನೋಟಿಸ್ ಕೊಟ್ಟಿರಬೇಕು. ಫೋನಿನಲ್ಲಿ ‘ನೋಡ್ತೀವಿ ಸಾರ್’ ಅನ್ನಿಸಿಕೊಂಡು ಕಾಯುವವರ ಕೈಗೆ ಏನೂ ಸಿಗುವುದಿಲ್ಲ.

ಇನ್ನು ದೂರು. ಶಿರಾಡಿಯಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆದಾಗ ನಮ್ಮ ಮಾಲು ಸಿಕ್ಕಿಕೊಂಡಿತ್ತು, ಇವರ ಫೋನ್ ಎರಡು ದಿನ ಸಿಗಲಿಲ್ಲ. ಗಾಡಿಯನ್ನು ಬೇರೆ ದಾರಿಗೆ ತಿರುಗಿಸಿಕೊಟ್ಟದ್ದು, ಹೇಳಿದರೆ ನಗುತ್ತೀರಿ, ಮೇಲೆ ಹೇಳಿದ ಶಿವಮೊಗ್ಗದ ಬ್ರೋಕರ್! ತಿಂಗಳ ವರದಿ ಪೂರ್ತಿ ಇಂಗ್ಲಿಷಿನಲ್ಲಿ, ಪೇಜುಗಟ್ಟಲೆ ಗ್ರಾಫ್. ಲೋಡ್ ಮಾಡಿಸುವ ನಮ್ಮ ಹುಡುಗನಿಗೆ ಅದರಿಂದ ಏನೂ ಉಪಯೋಗವಿಲ್ಲ. ಒಂದು ಸಾಫ್ಟ್‌ವೇರ್ ಕೂಡ ತಗಲಿಸಿದರು. ನಮ್ಮಷ್ಟು ವಹಿವಾಟಿಗೆ ನೋಟ್‌ಬುಕ್ಕೇ ಸಾಕಿತ್ತು. ದೊಡ್ಡ ದೂರು ಅಂದರೆ, ಮೊದಲ ವರ್ಷ ಕಳೆದ ಮೇಲೆ ಹೇಳಲು ಅವರ ಹತ್ತಿರ ಹೊಸದೇನೂ ಉಳಿಯಲಿಲ್ಲ, ಶುಲ್ಕ ಮಾತ್ರ ತಿಂಗಳು ತಿಂಗಳು ಬರುತ್ತಲೇ ಇತ್ತು.

ಹಾಗಾಗಿ ಈಗ ತಿಂಗಳ ಲೆಕ್ಕ ನಿಲ್ಲಿಸಿದ್ದೇವೆ. ವರ್ಷಕ್ಕೊಮ್ಮೆ, ದರದ ಒಪ್ಪಂದ ಹೊಸದು ಮಾಡುವಾಗ ಮಾತ್ರ ಕರೆಸಿ ಅಷ್ಟಕ್ಕೆ ದುಡ್ಡು ಕೊಡುತ್ತೇವೆ. ಡೀಸೆಲ್ ಏರಿದರೆ ಬಾಡಿಗೆ ಏರುತ್ತದೆ ಅನ್ನುವ ಷರತ್ತಿಗೆ ‘ಇಳಿದರೆ ಇಳಿಯುತ್ತದೆ’ ಅಂತ ಸೇರಿಸಲು ಈ ಸಲ ಕೂತಿದ್ದಾರೆ. ಒಬ್ಬ ಟ್ರಾನ್ಸ್‌ಪೋರ್ಟಿನವರು ಒಪ್ಪಿದ್ದಾರೆ, ಇನ್ನೊಬ್ಬರು ಇನ್ನೂ ಗೊಣಗುತ್ತಿದ್ದಾರೆ.