ತೂತು ಕಾಣಬೇಕು, ಅಷ್ಟೇ: ದುರ್ಬೀನು, ಸ್ಪಾಟಿಂಗ್ ಸ್ಕೋಪ್, ಕ್ಯಾಮೆರಾ ಎಲ್ಲ ಇಟ್ಟು ನೋಡಿದ್ದು

ನಮ್ಮ ಅಂಗಳದ ತುದಿಯಿಂದ ಬ್ಯಾಣದ ಧರೆಗೆ, ಅಂದರೆ ಹುಲ್ಲುಗಾವಲಂಚಿನ ಮಣ್ಣಿನ ದಿಬ್ಬಕ್ಕೆ, ಸರಿಯಾಗಿ 50 ಮೀಟರ್. ಹತ್ತಿರವೇ ಅಲ್ವಾ? ಆದರೆ ಅಲ್ಲಿ ಕಟ್ಟಿದ ಟಾರ್ಗೆಟ್ ಕಾಗದಕ್ಕೆ ಏರ್‌ಗನ್ನಿನಿಂದ ಐದು ಪೆಲೆಟ್ (ಸಣ್ಣ ಸೀಸದ ಗುಂಡು) ಹೊಡೆಯುವುದು, ಎದ್ದು ಹೋಗಿ ಕಾಗದ ನೋಡುವುದು, ವಾಪಸ್ ಬಂದು ಮತ್ತೆ ಚಾಪೆ ಮೇಲೆ ಮಲಗುವುದು, ಇದನ್ನು ಒಂದು ಬೆಳಿಗ್ಗೆ ಹತ್ತು ಸಲ ಮಾಡಿದರೆ ಒಂದು ಕಿಲೋಮೀಟರ್ ನಡೆದ ಹಾಗಾಯಿತು. ಮಳೆ ಬಿದ್ದ ಮೇಲೆ ಅದರ ಜೊತೆ ಉಂಬಳ (ಜಿಗಣೆ) ಬೇರೆ. ಪ್ರತಿ ಸಲ ಎದ್ದು ಮಲಗಿದಾಗ ಮೈಯ ಭಂಗಿ ಬದಲಾಗುತ್ತದೆ, ಗುರಿಯೂ ಬದಲಾಗುತ್ತದೆ. ಹಾಗಾಗಿ ಮಲಗಿದಲ್ಲಿಂದಲೇ ತೂತು ಕಾಣುವ ಏನಾದರೂ ಬೇಕಿತ್ತು.

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಡೆಯುವುದು ಕಾಗದಕ್ಕೆ, ಮಂಗನಿಗಲ್ಲ. ತೀರ್ಥಹಳ್ಳಿ ಕಡೆ ಏರ್‌ಗನ್ ಹಿಡಿದವನನ್ನು ಕಂಡರೆ ಎಲ್ಲರೂ ಮಂಗನ ವಿಚಾರವನ್ನೇ ಕೇಳುವುದು. ಮನೆಯಲ್ಲಿರುವುದು 4.5 ಮಿ.ಮೀ. ಬೋರಿನ, 20 ಜೂಲ್ ಮೀರದ ಏರ್‌ಗನ್. ಅಂಥದ್ದಕ್ಕೆ 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಬೇಡ. ಕಾಗದದ ಹಿಂದೆ ಆಳೆತ್ತರದ ಕೆಂಪು ಮಣ್ಣಿನ ಧರೆ ಇದೆ, ಅದಿಲ್ಲದೆ ನಾನು ಒಂದು ಪೆಲೆಟ್ಟೂ ಬಿಡುವುದಿಲ್ಲ. .22 ರೈಫಲ್ ಹೊಡೆಯುವುದು ಕ್ಲಬ್ಬಿನ ರೇಂಜಿಗೆ ಹೋದಾಗ ಮಾತ್ರ.

ಇನ್ನು ಲೆಕ್ಕ. ಚೆನ್ನಾಗಿರುವ ಕಣ್ಣಿಗೆ ಕಾಣುವ ಅತಿ ಸಣ್ಣ ಕೋನ ಸುಮಾರು ಒಂದು ನಿಮಿಷ, ಅಂದರೆ ಡಿಗ್ರಿಯಲ್ಲಿ ಅರವತ್ತರ ಒಂದು ಪಾಲು. 100 ಮೀಟರ್ ದೂರದಲ್ಲಿ ಅದು 29 ಮಿ.ಮೀ. ಆಗುತ್ತದೆ, 50ರಲ್ಲಿ ಹದಿನಾಲ್ಕೂವರೆ. ನನ್ನ ತೂತು 4.5 ಮಿ.ಮೀ. ಹಾಗಾದರೆ ಮೂರು ನಾಲ್ಕು ಪಟ್ಟು ದೊಡ್ಡದು ಮಾಡಿದರೆ ಸಾಕು ಅಂತ ನಾನೂ ಅಂದುಕೊಂಡಿದ್ದೆ. ಸಾಕಾಗಲಿಲ್ಲ. ಎಷ್ಟೋ ಬೆಳಿಗ್ಗೆ ಕಣ್ಣು ಕಿರಿದು ಮಾಡಿ ನೋಡಿದ ಮೇಲೆ ಗೊತ್ತಾದದ್ದು, ಲೆಕ್ಕದಲ್ಲಿ ಬಂದದ್ದಕ್ಕೆ ಐದರಿಂದ ಗುಣಿಸಬೇಕು. 50 ಮೀಟರಿಗೆ 15-20 ಪಟ್ಟು. 100 ಮೀಟರಿನಲ್ಲಿ .22ರ 5.6 ಮಿ.ಮೀ. ತೂತಿಗೆ 25ರ ಹತ್ತಿರ. ಇದು ನನ್ನ ಕಣ್ಣಿನ ಲೆಕ್ಕ, ನಿಮ್ಮದು ಸ್ವಲ್ಪ ಆಚೀಚೆ ಇರಬಹುದು.

ಮೊದಲು ನೋಡಿದ್ದು ಬಂದೂಕಿನ ಮೇಲಿದ್ದ ಸ್ಕೋಪಿನಲ್ಲೇ, 3-9x40, ಅಂದರೆ ಮೂರರಿಂದ ಒಂಬತ್ತು ಪಟ್ಟು, ಮುಂದಿನ ಗಾಜು 40 ಮಿ.ಮೀ. ಒಂಬತ್ತಕ್ಕೆ ತಿರುಗಿಸಿದರೂ 50 ಮೀಟರಿನಲ್ಲಿ ಏನೋ ಕಪ್ಪು ಚುಕ್ಕಿ ಇದ್ದ ಹಾಗೆ ಇತ್ತು. ಅದು ತೂತೋ ನೊಣವೋ ಹೇಳಲಾಗಲಿಲ್ಲ. ಭಾವನ ಬಂದೂಕು ಪಿಸಿಪಿ, ಅಂದರೆ ಮೊದಲೇ ಒತ್ತಡದ ಗಾಳಿ ತುಂಬಿಟ್ಟು ಹೊಡೆಯುವಂಥದ್ದು, ಅದಕ್ಕೆ 4-16x44 ಸ್ಕೋಪ್. ಅದರಲ್ಲಿ ಹದಿನಾರಕ್ಕೆ ಇಟ್ಟರೆ ಬಿಳಿ ಕಾಗದದ ಮೇಲಿನ ತೂತು ಸರಿಯಾಗಿ ಕಾಣುತ್ತದೆ. ಪಿಸಿಪಿ ಹೆಚ್ಚುಕಡಿಮೆ ಅಲುಗುವುದೇ ಇಲ್ಲವಾದ್ದರಿಂದ, ಬೆಳಕು ಹಿಂದಿನಿಂದ ಬಂದರೆ ಪೆಲೆಟ್ ಹಾರಿ ಹೋಗಿ ಬೀಳುವುದೂ ಕಾಣುತ್ತದೆ. ಅದನ್ನು ಮೊದಲ ಸಲ ನೋಡಿದಾಗ ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ನನ್ನ ಸ್ಪ್ರಿಂಗ್ ಬಂದೂಕಿನಲ್ಲಿ ಆ ಮಾತೇ ಇಲ್ಲ, ಅದು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಒದೆಯುತ್ತದೆ. ಆ ಎರಡು ಕಡೆಯ ಒದೆತಕ್ಕೆ ಸಾಮಾನ್ಯ ಸ್ಕೋಪುಗಳ ಒಳಭಾಗ ಸಡಿಲವಾಗುವುದೂ ಉಂಟು. ಸ್ಪ್ರಿಂಗ್ ಏರ್‌ಗನ್ನಿಗೆ ತಡೆಯುತ್ತದೆ ಅಂತ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ತಗೊಳ್ಳಿ.

ಪಿಸಿಪಿ ಇದ್ದು, 50 ಮೀಟರಿಗಿಂತ ಆಚೆ ಹೋಗದವರಿಗೆ ಬೇರೆ ಏನೂ ಬೇಡ. ಸ್ಕೋಪಿಗೇ ನಾಲ್ಕು ಕಾಸು ಜಾಸ್ತಿ ಹಾಕಿ.

ಎರಡನೆಯದು ಮನೆಯಲ್ಲೇ ಇದ್ದ 10x42 ದುರ್ಬೀನು, ಮಂಡಗದ್ದೆಯಲ್ಲಿ ಹಕ್ಕಿ ನೋಡಲು ತಂದದ್ದು. ಕೈಯಲ್ಲಿ ಹಿಡಿದು ನೋಡಿದರೆ 30 ಮೀಟರಿನವರೆಗೆ ಓಕೆ. 50ಕ್ಕೆ ಕೈ ನಡುಕ ಎಲ್ಲವನ್ನೂ ತಿಂದುಹಾಕುತ್ತದೆ. ಅದನ್ನೇ ಅಡಿಕೆ ಮೂಟೆ ಮೇಲೆ ಒರಗಿಸಿ ನೋಡಿದಾಗ ಅರ್ಧಕ್ಕರ್ಧ ವ್ಯತ್ಯಾಸ. ಇಲ್ಲಿಂದಲೇ ನನಗೆ ಸ್ಟ್ಯಾಂಡಿನ ಬೆಲೆ ತಿಳಿಯಿತು.

ಮೂರನೆಯದು ಹೇಳಲು ನಾಚಿಕೆ. ಅಂಗೈಯಗಲದ ಒಂಟಿಗಣ್ಣಿನ ದುರ್ಬೀನು, ಮೇಲೆ 40x60 ಅಂತ ದಪ್ಪಕ್ಷರ, ಜಾಹೀರಾತಿನಲ್ಲಿ ಚಂದ್ರನ ಗುಂಡಿಗಳು. ತರಿಸಿದೆ. ನನ್ನ ಅಂದಾಜಿನಲ್ಲಿ ಅದು ಎಂಟು ಪಟ್ಟು ತೋರಿಸಿದರೆ ದೊಡ್ಡದು, ಸುತ್ತ ನೇರಳೆ ಅಂಚು ಬೇರೆ. ಭಾವ ಒಮ್ಮೆ ಕಣ್ಣಿಟ್ಟು, "ಎಂತ ಮಾರಾಯ, ಇದ್ರಲ್ಲಿ ಟಾರ್ಗೆಟ್ ಇರ್ಲಿ, ಧರೆನೇ ಹುಡುಕ್ಬೇಕು" ಅಂದ. ಈಗ ಅದು ತಂಗಿಯ ಮಗನ ಆಟದ ಸಾಮಾನು.

ನಾಲ್ಕನೆಯದು ಸ್ಪಾಟಿಂಗ್ ಸ್ಕೋಪ್, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ನೋಡುವ ಒಂಟಿಗಣ್ಣಿನ ದೊಡ್ಡ ದುರ್ಬೀನು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ದುಡ್ಡು ಹೋಗುವುದು ಇಲ್ಲೇ. ನನ್ನದು 20-60x60, ಮಧ್ಯಮ ಬೆಲೆಯದು. ಹಕ್ಕಿ ಹುಚ್ಚಿನ ಗೆಳೆಯರೊಬ್ಬರ ಹತ್ತಿರ 80 ಮಿ.ಮೀ. ಗಾಜಿನದ್ದು ಇದೆ, ನನ್ನದರ ಮೂರು ಪಟ್ಟು ಬೆಲೆ. ಎರಡನ್ನೂ ಒಂದು ಭಾನುವಾರ ಪೂರ್ತಿ ಪಕ್ಕಪಕ್ಕ ಇಟ್ಟು ನೋಡಿದೆವು. 100 ಮೀಟರಿಗೆ ಗುಂಡು ಹೊಡೆಯುವಷ್ಟು ಜಾಗ ಮನೆ ಹತ್ತಿರ ಇಲ್ಲ. ಹಾಗಾಗಿ ಪೆಲೆಟ್ ತೂತಾದ ಹಳೇ ಕಾಗದವನ್ನೇ ಒಯ್ದು ಗದ್ದೆಯಾಚೆ ಕಟ್ಟಿದೆ. ಅದರ ಪಕ್ಕ ಆಫೀಸಿನ ಪಂಚಿಂಗ್ ಮೆಷಿನ್ನಿನಲ್ಲಿ ಹೊಡೆದ ತೂತುಗಳು. ಅವು 6 ಮಿ.ಮೀ. ಬರುತ್ತವೆ, .22ಕ್ಕೆ ಹತ್ತಿರವೇ.

ಬೆಳಿಗ್ಗೆ ಎಂಟರ ಹೊತ್ತಿಗೆ ನನ್ನದರಲ್ಲಿ 25ಕ್ಕೆ ಇಟ್ಟರೆ ಪಂಚಿನ ತೂತು ಒಂದೊಂದೂ ಕಂಡವು. 30ಕ್ಕೆ ಇನ್ನೂ ಚೆನ್ನ. 60ಕ್ಕೆ ತಿರುಗಿಸಿದರೆ ದೊಡ್ಡದಾಯಿತು ನಿಜ, ಆದರೆ ಮಂಕು. ಕಾರಣ ಸುಲಭ. ಮುಂದಿನ ಗಾಜಿನ ಅಳತೆಯನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕೊಳವೆಯ ಅಗಲ ಸಿಗುತ್ತದೆ. 60 ಭಾಗಿಸು 20 ಅಂದರೆ 3 ಮಿ.ಮೀ., 60ಕ್ಕೆ ಹೋದರೆ ಒಂದೇ ಮಿ.ಮೀ. ಬಯಲುಸೀಮೆಯ ಬಿಸಿಲಿಗೆ ಅದು ನಡೆಯಬಹುದೇನೋ, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹಗಲೂ ಸಂಜೆಯ ಹಾಗೇ ಇರುತ್ತದೆ. 80ರ ಸ್ಕೋಪ್ ಇಲ್ಲಿ ಗೆದ್ದಿತು. ಮೋಡ ಕವಿದಾಗ 40ಕ್ಕೂ ಅದರಲ್ಲಿ ಅಂಚು ಚೂಪಾಗೇ ಇತ್ತು. ಆದರೆ 50 ಮೀಟರಿಗೆ ತಂದಾಗ? ಎರಡರಲ್ಲೂ ಒಂದೇ ಉತ್ತರ, ಒಂದೇ ತೂತು. ಮೂರು ಪಟ್ಟು ದುಡ್ಡಿಗೆ ನನಗೆ ಹೆಚ್ಚಿಗೆ ಸಿಗುತ್ತಿದ್ದದ್ದು ತೂತಿನ ಅಂದ ಮಾತ್ರ.

ಹನ್ನೊಂದು ಗಂಟೆ ಆಯಿತು, ಬಿಸಿಲೇರಿತು, ಕೊಯ್ಲಾದ ಗದ್ದೆಯಿಂದ ಬಿಸಿಗಾಳಿ ಎದ್ದಿತು. ಕಾಗದ ನೀರಿನಡಿ ಇದ್ದ ಹಾಗೆ ಕುಣಿಯತೊಡಗಿತು. ಆಗ ದುಬಾರಿಯದ್ದೂ ಅಷ್ಟೇ, ಅಗ್ಗದ್ದೂ ಅಷ್ಟೇ. ಪಟ್ಟು ಹೆಚ್ಚಿಸಿದಷ್ಟೂ ಕುಣಿತವೂ ದೊಡ್ಡದಾಗುತ್ತದೆ, 20ಕ್ಕೆ ಇಳಿಸಿದರೇ ಒಳ್ಳೆಯದು. ಕ್ಲಬ್ಬಿನಲ್ಲಿ ಹಳಬರು ಆ ಕುಣಿತ ಯಾವ ಕಡೆ ಹರಿಯುತ್ತಿದೆ ಅಂತ ನೋಡಿ ಗಾಳಿಯ ಅಂದಾಜು ಮಾಡುತ್ತಾರೆ. ನನಗಿನ್ನೂ ಅದು ಕೈಗೂಡಿಲ್ಲ.

ಸ್ಪಾಟಿಂಗ್ ಸ್ಕೋಪಿನಲ್ಲಿ ನೇರ ಇರುವುದು, ಓರೆ ಇರುವುದು ಅಂತ ಎರಡು ಬಗೆ. ಟಾರ್ಗೆಟ್ ಹುಡುಕಲು ನೇರದ್ದೇ ಸುಲಭ. ಆದರೆ ಮಲಗಿ ಹೊಡೆಯುವವರಿಗೆ 45 ಡಿಗ್ರಿ ಓರೆಯದ್ದೇ ಬೇಕು. ಮುಖದ ಪಕ್ಕಕ್ಕೆ ತಗ್ಗಿಸಿ ನಿಲ್ಲಿಸಿಕೊಂಡರೆ ಬಂದೂಕನ್ನು ಭುಜದಿಂದ ತೆಗೆಯದೆ ಕತ್ತನ್ನಷ್ಟೇ ಹೊರಳಿಸಿ ನೋಡಬಹುದು. ಜೊತೆಗೆ ಬರುವ ಗೇಣುದ್ದದ ಟ್ರೈಪಾಡನ್ನು ಮಾತ್ರ ನಂಬಬೇಡಿ. ನನ್ನದರ ಕಾಲು ತರಗೆಲೆಯಂತೆ ನಡುಗುತ್ತಿತ್ತು. ಕೊನೆಗೆ ಶಿವಮೊಗ್ಗದಲ್ಲಿ ಹಳೇ ವಿಡಿಯೋ ಟ್ರೈಪಾಡ್ ಒಂದನ್ನು ಸೆಕೆಂಡ್ ಹ್ಯಾಂಡ್ ತಂದು, ನಡುವೆ ಮರಳು ತುಂಬಿದ ಚೀಲ ನೇತುಹಾಕಿದೆ. ಸ್ಕೋಪ್ ಬದಲಾಯಿಸಿದರೂ ಸಿಗದಷ್ಟು ಸುಧಾರಣೆ ಅದರಿಂದ ಸಿಕ್ಕಿತು.

ಕ್ಯಾಮೆರಾವನ್ನೂ ಬಿಡಲಿಲ್ಲ. ನಿಕಾನ್ ಪಿ900 ಗೊತ್ತಲ್ಲ, 83 ಪಟ್ಟು ಜೂಮ್, 2015ರಲ್ಲಿ ಬಂದದ್ದು, ಹಕ್ಕಿ ಫೋಟೋದವರ ಕೈಯಲ್ಲಿ ಈಗಲೂ ಕಾಣುತ್ತದೆ. ಪೂರ್ತಿ ಜೂಮಿನಲ್ಲಿ 100 ಮೀಟರ್ ದೂರದ 1.8 ಮೀಟರ್ ಅಗಲವನ್ನು ಫೋಟೋದ ತುಂಬ ಹಿಡಿಯುತ್ತದೆ. ಅಲ್ಲಿಂದ ಹಿಗ್ಗಿಸಿ ನೋಡಿದರೆ ಪಂಚಿನ ತೂತು ಸ್ಪಷ್ಟ. ಫೋಟೋ ಉಳಿಯುತ್ತದೆ, ಯಾವ ಗುಂಡು ಯಾವುದು ಅಂತ ಒಂದರ ಪಕ್ಕ ಒಂದಿಟ್ಟು ನೋಡಬಹುದು, ಇದು ಸ್ಕೋಪಿನಲ್ಲಿ ಆಗದ ಕೆಲಸ. ತೊಂದರೆ ಏನೆಂದರೆ ನಿಧಾನ. ಫೋಕಸ್ ಹಿಡಿ, ಕ್ಲಿಕ್ಕಿಸು, ಹಿಗ್ಗಿಸು, ಅಷ್ಟರಲ್ಲಿ ಉಸಿರಿನ ಲಯ ತಪ್ಪಿ ಎರಡು ನಿಮಿಷ ಆಗಿರುತ್ತದೆ. ಪಕ್ಕದಲ್ಲಿ ಇನ್ನೊಬ್ಬರು ಕೂತು ನೋಡುವುದಾದರೆ ಇದು ಬಹಳ ಚೆನ್ನ. ಒಬ್ಬರೇ ಆದರೆ ಕಿರಿಕಿರಿ.

ಟಾರ್ಗೆಟ್ ಹತ್ತಿರವೇ ಇಡುವ ವೈಫೈ ಕ್ಯಾಮೆರಾಗಳೂ ಸಿಗುತ್ತವೆ. ನಾನು ಅದರ ಬದಲು ಹಳೇ ಫೋನನ್ನು ಧರೆಯ ಬುಡದಲ್ಲಿ ಎರಡು ಚಿರೆಕಲ್ಲಿನ ಹಿಂದೆ ಓರೆಯಾಗಿ ಕೂರಿಸಿ, ಕೈಯಲ್ಲಿದ್ದ ಫೋನಿನ ಹಾಟ್‌ಸ್ಪಾಟಿಗೆ ಜೋಡಿಸಿದೆ. ನಮ್ಮಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಪರವಾಗಿಲ್ಲ, ಎರಡು ಫೋನುಗಳ ನಡುವೆ ನೇರವಾಗಿ ವಿಡಿಯೋ ಕಳಿಸುವ ಆಪ್‌ಗಳಿವೆ. 50 ಮೀಟರಿಗೆ ಬಂತು, ನಡುನಡುವೆ ನಿಂತು ನಿಂತು ಬಂತು. ಚಿತ್ರ ಮಾತ್ರ ಎಲ್ಲಕ್ಕಿಂತ ಚಂದ, ಬಿಸಿಗಾಳಿ ಇಲ್ಲ, ಮಂಕು ಇಲ್ಲ, ತೂತಿನ ಅಂಚಿನ ಸೀಸದ ಬೂದು ಕೂಡ ಕಾಣುತ್ತಿತ್ತು. ಮೂರನೇ ದಿನ ಒಂದು ಪೆಲೆಟ್ ಕಲ್ಲಿಗೆ ತಾಗಿ ಸಿಡಿದು ಫೋನಿನ ಗಾಜು ಒಡೆಯಿತು. ತಪ್ಪು ನನ್ನದೇ, ಕಲ್ಲನ್ನು ಇನ್ನೊಂದು ಮೊಳ ಆಚೆ ಇಡಬೇಕಿತ್ತು.

ಇಷ್ಟೆಲ್ಲ ಆದ ಮೇಲೆ ನಿಜವಾದ ಫರಕು ಬಂದದ್ದು ಟಾರ್ಗೆಟ್ ಬದಲಿಸಿದಾಗ. 50 ಮೀಟರಿಗೆ ಉರುಟು ತಲೆಯ ಪೆಲೆಟ್ಟೇ ಬೇಕು, ಚಪ್ಪಟೆ ತಲೆಯದ್ದು ಅಷ್ಟು ದೂರಕ್ಕೆ ದಾರಿ ತಪ್ಪುತ್ತದೆ. ಆದರೆ ಚಪ್ಪಟೆ ತಲೆ ಕಾಗದವನ್ನು ದುಂಡಗೆ ಕತ್ತರಿಸಿದರೆ ಉರುಟಿನದ್ದು ಹರಿದುಕೊಂಡು ಹೋಗುತ್ತದೆ, ಹಿಂದೆಯೇ ಕಾಗದ ಮುಚ್ಚಿಕೊಳ್ಳುತ್ತದೆ. 4.5 ಮಿ.ಮೀ. ತೂತು ಎರಡೂವರೆಯಷ್ಟು ಕಾಣುತ್ತದೆ. ಥಂಡಿ ಹಿಡಿದ ಕಾಗದದಲ್ಲಂತೂ ಕೇಳಲೇಬೇಡಿ. ಮೇಲಿಂದ ನಾವು ಹೊಡೆಯುವುದು ಕಪ್ಪು ವೃತ್ತಕ್ಕೆ, ಕಪ್ಪಿನಲ್ಲಿ ಕಪ್ಪು ತೂತು 60 ಪಟ್ಟಿಗೂ ಕಾಣುವುದಿಲ್ಲ.

ನಾನು ಮಾಡಿದ್ದು ಇಷ್ಟು. ಬಿಳಿ ದಪ್ಪ ಡ್ರಾಯಿಂಗ್ ಹಾಳೆಯಲ್ಲಿ ತೆಳು ಬೂದು ಗೆರೆಯ ವೃತ್ತ. ಅದರ ಹಿಂದೆ ಒಂದು ಗೇಣು ಬಿಟ್ಟು ಹಳೇ ಕೊಡೆಯ ಕಪ್ಪು ಬಟ್ಟೆ, ಸಡಿಲವಾಗಿ. ತೂತಿನ ಹಿಂದೆ ಕಪ್ಪು ಬಂತು, ದುರ್ಬೀನಿನಲ್ಲೂ ಕಂಡಿತು! ಇನ್ನೊಂದು, ಕಬ್ಬಿಣದ ತಗಡಿಗೆ ಸುಣ್ಣ ಬಳಿಯುವುದು. ಅಡಿಕೆಯ ಕೊಳೆ ರೋಗದ ಔಷಧಿಗೆ ತಂದ ಸುಣ್ಣ ಮನೆಯಲ್ಲಿ ಇದ್ದೇ ಇರುತ್ತದೆ. ಪೆಲೆಟ್ ಬಿದ್ದಲ್ಲಿ ಕಪ್ಪು ಕಲೆ, ಟಣ್ ಅಂತ ಸದ್ದು. ತಗಡನ್ನು ಮುಂದಕ್ಕೆ ಬಾಗಿಸಿ ನೇತುಹಾಕಿ, ಸಿಡಿದ ಸೀಸ ನೆಲಕ್ಕೆ ಹೋಗಲಿ. ಕಣ್ಣಿಗೆ ಕನ್ನಡಕ ಇರಲೇಬೇಕು. ಗುಂಡು ಬಿದ್ದಲ್ಲಿ ಹಳದಿ ಉಂಗುರ ಮೂಡುವ ಸ್ಟಿಕ್ಕರ್ ಟಾರ್ಗೆಟ್ಟುಗಳೂ ಚೆನ್ನಾಗಿವೆ, ಆದರೆ ದಿನಾ ಅವನ್ನು ಅಂಟಿಸಿದರೆ ಪೆಲೆಟ್ಟಿಗಿಂತ ಅದೇ ದುಬಾರಿ.

ಹಾಗಾದರೆ ಈಗ ಯಾವುದು ಬಳಸುತ್ತೀಯ ಅಂತ ಕೇಳಿದರೆ, 60 ಮಿ.ಮೀ. ಓರೆ ಸ್ಕೋಪ್ 25ರಲ್ಲಿ, ಆ ಹಳೇ ಟ್ರೈಪಾಡು, ಕೊಡೆ ಬಟ್ಟೆ. 60 ಪಟ್ಟಿಗೆ ತಿರುಗಿಸಿ ಆರು ತಿಂಗಳಾಯಿತು. 300 ಮೀಟರಿನ ರೈಫಲ್ ಹೊಡೆಯುವವರ ಮಾತು ಬೇರೆ. ಅಲ್ಲಿ ನನ್ನ ಐದರ ಲೆಕ್ಕದ ಪ್ರಕಾರ 55 ಪಟ್ಟಾದರೂ ಬೇಕು, ಅಷ್ಟಕ್ಕೆ ಬಿಸಿಗಾಳಿ ಬಿಡುವುದಿಲ್ಲ. ಅವರು 80ರ ಗಾಜಿಗೆ ದುಡ್ಡು ಹಾಕುವ ಮೊದಲು ಟಾರ್ಗೆಟ್ ಹತ್ತಿರದ ಕ್ಯಾಮೆರಾ ಯೋಚಿಸಲಿ.

ಏನೇ ತಗೊಂಡರೂ ನೀರು ಹೋಗದ, ಒಳಗೆ ನೈಟ್ರೋಜನ್ ತುಂಬಿದ್ದನ್ನೇ ತಗೊಳ್ಳಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ನಮ್ಮೂರು ಅದಕ್ಕೆ ನೆಂಟರ ಮನೆ. ನನ್ನ ಹಳೇ ದುರ್ಬೀನಿನ ಗಾಜಿನೊಳಗೆ ಜೇಡನ ಬಲೆಯಂತೆ ಬೂಸಲು ಬೆಳೆದದ್ದು ಒಂದೇ ಮಳೆಗಾಲದಲ್ಲಿ, ಅದೂ ಚರ್ಮದ ಚೀಲದೊಳಗೆ ಜೋಪಾನವಾಗಿ ಇಟ್ಟದ್ದಕ್ಕೆ! ಚೀಲವೇ ಥಂಡಿ ಹಿಡಿದು ಕೊಡುತ್ತದೆ. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಹದಿನೈದು ದಿನಕ್ಕೊಮ್ಮೆ ಆ ಜೆಲ್ಲನ್ನು ಬಾಣಲೆಯಲ್ಲಿ ಬಿಸಿ ಮಾಡುವುದು. ಆ ಬಾಣಲೆಯನ್ನು ಅಮ್ಮ ಬೇರೆಯೇ ಎತ್ತಿಟ್ಟಿದ್ದಾರೆ.

ಈ ವಾರ ಮಾತ್ರ ಡಬ್ಬಿ ಖಾಲಿ. ಅಡಿಕೆ ಗೊನೆಗೆ ಕೊಳೆ ಬಿದ್ದಿದೆಯಾ ಅಂತ ಕೆಳಗಿನಿಂದಲೇ ನೋಡಲು ಓರೆ ಸ್ಕೋಪ್ ಅನುಕೂಲ ಅಂತ ಅಪ್ಪಯ್ಯನಿಗೆ ಗೊತ್ತಾಗಿಬಿಟ್ಟಿದೆ, ಮೊನ್ನೆಯಿಂದ ಅದು ತೋಟದಲ್ಲೇ ಇದೆ.